ಭೃಗುವಿನ ಪಾಠ



ನಮ್ಮ ಬೇ ಏರಿಯಾದ ಹಲವು ಮನೆಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದ ಮಗನೋ, ಸೊಸೆಯೋ ಇದ್ದಾರೆ. ಬರೆದ ಕೋಡ್ ಹಿರಿಯರ ಕೈಯಿಂದ ನಾಲ್ಕು ಸಲ ವಾಪಸು ಬಂದರೆ "ಇದು ನನ್ನ ಕೈಲಾಗದು" ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಅಂಥವರು ತೈತ್ತಿರೀಯ ಉಪನಿಷತ್ತಿನ ಭೃಗುವನ್ನು ನೆನೆಯಬೇಕು.

ಭೃಗು ತನ್ನ ತಂದೆ ವರುಣನ ಬಳಿಗೆ ಹೋಗಿ, ಬ್ರಹ್ಮವನ್ನು ತಿಳಿಸಿಕೊಡಿ ಎಂದ. ತಂದೆ ಉತ್ತರ ಹೇಳಿಬಿಡಲಿಲ್ಲ. ಜೀವಿಗಳು ಯಾವುದರಿಂದ ಹುಟ್ಟಿ, ಬಾಳಿ, ಕೊನೆಗೆ ಯಾವುದನ್ನು ಸೇರುತ್ತವೆಯೋ ಅದನ್ನು ಅರಿ ಎಂದು ದಾರಿ ತೋರಿದ. ಮಗ ತಪಸ್ಸು ಮಾಡಿ, ಅನ್ನವೇ ಬ್ರಹ್ಮವೆಂದು ಕಂಡುಕೊಂಡು ಬಂದ. ತಪಸ್ಸಿನಿಂದಲೇ ಇನ್ನೂ ಅರಿ ಎಂದ ತಂದೆ. ಹೀಗೆ ಪ್ರಾಣ, ಮನಸ್ಸು, ವಿಜ್ಞಾನ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಐದನೆಯದಾಗಿ ಆನಂದವನ್ನು ಕಂಡ. ನಾಲ್ಕು ಸಲ ಮರಳಿ ಬಂದರೂ ತಂದೆ ಗದರಲಿಲ್ಲ, ಮಗ ಕೈಚೆಲ್ಲಲಿಲ್ಲ. ಆನಂದವನ್ನು ಹೇಳಿದ ಮೇಲೂ ಅನ್ನವನ್ನು ನಿಂದಿಸಬಾರದೆಂದು ಉಪನಿಷತ್ತು ವ್ರತವನ್ನೇ ವಿಧಿಸುತ್ತದೆ. ಮೊದಲ ಮೆಟ್ಟಿಲು ಎಂದಿಗೂ ಕೀಳಲ್ಲ.

"ಭೃಗುವಿಗೆ ಗಡುವು ಇರಲಿಲ್ಲ. ಎಚ್-1ಬಿ ವೀಸಾದಲ್ಲಿರುವ ನಮಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ" ಎಂದು ನೀವು ಹೇಳಬಹುದು. ಆ ಭಯ ಸಹಜವೇ. ಎಐ ಬರೆದುಕೊಟ್ಟದ್ದನ್ನು ಅರ್ಥವಾಗದಿದ್ದರೂ ಒಪ್ಪಿಸಿಬಿಡುವ ಆಸೆ ಹುಟ್ಟುವುದೂ ಆ ಭಯದಿಂದಲೇ. ಆದರೆ ತಾಳ್ಮೆಯೆಂದರೆ ಸುಮ್ಮನೆ ಕೂರುವುದಲ್ಲ. ಭೃಗು ಒಮ್ಮೆಯೂ ಬರಿಗೈಲಿ ಬರಲಿಲ್ಲ. ತಾನೇ ಕಂಡ ಒಂದು ಉತ್ತರವನ್ನು ಹಿಡಿದೇ ಬಂದ. ಎರವಲು ಉತ್ತರ ಇಂದಿನ ಗಡುವನ್ನು ದಾಟಿಸೀತು. ನಾಳೆ ಅದು ಕೆಟ್ಟು ನಿಂತಾಗ ಸರಿಮಾಡುವ ಶಕ್ತಿ ಅರಿತವರಿಗೆ ಮಾತ್ರ. ಕೆಲಸ ಹೋದರೂ ಆ ಅರಿವು ನಮ್ಮ ಜೊತೆಗೇ ಬರುತ್ತದೆ.

ನಮ್ಮ ನೆರೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ಅವರನ್ನೇ ನೋಡಿ. 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಗ್ರಂಥವನ್ನು ಅವರು ಆರಂಭಿಸಿದ್ದು 1962ರಲ್ಲಿ. ಮೊದಲ ಸಂಪುಟ 1968ರಲ್ಲಿ ಬಂತು, 4ಬಿ ಸಂಪುಟ 2022ರಲ್ಲಿ. ಗ್ರಂಥ ಇನ್ನೂ ಪೂರ್ಣವಾಗಿಲ್ಲ. ತಪ್ಪನ್ನು ಮೊದಲು ತೋರಿಸಿದವರಿಗೆ 2.56 ಡಾಲರ್ ಬಹುಮಾನವನ್ನೂ ಅವರು ಇಟ್ಟರು. ತಪ್ಪು ತೋರಿಸುವವರನ್ನು ಗುರುವೆಂದು ಗೌರವಿಸುವ ರೀತಿ ಇದು.

ಹಿರಿಯರಲ್ಲೂ ಒಂದು ವಿನಂತಿ. ಮಕ್ಕಳು ಸೋತ ಮುಖದಲ್ಲಿ ಮನೆಗೆ ಬಂದ ಸಂಜೆ, ಪಕ್ಕದ ಮನೆಯವರ ಸಂಬಳದ ಮಾತು ಬೇಡ. ಊಟ ಬಡಿಸಿ, "ನಾಳೆ ಇನ್ನೊಮ್ಮೆ ನೋಡು" ಎನ್ನಿ. ವರುಣ ಹೇಳಿದ್ದೂ ಅಷ್ಟೇ.

ಈ ನವರಾತ್ರಿಯಲ್ಲಿ ಪುಸ್ತಕದ ಜೊತೆ ಲ್ಯಾಪ್‌ಟಾಪನ್ನೂ ಶಾರದೆಯ ಮುಂದಿಡೋಣ. ಮತ್ತೆ ಮತ್ತೆ ಕಲಿಯುವ ಮನಸ್ಸನ್ನು ತಾಯಿ ನಮಗೆಲ್ಲ ಕರುಣಿಸಲಿ.