ರಸ್ತೆಬದಿಯಲ್ಲಿ ನಿಂತವರು

ಸೈಕಲ್ ರೇಸಿನ ಅಭಿಮಾನಿಯಷ್ಟು ನಷ್ಟದ ವ್ಯಾಪಾರ ಮಾಡುವವರು ಆಟದ ಲೋಕದಲ್ಲಿ ಇನ್ನೊಬ್ಬರಿಲ್ಲ. ಜುಲೈ ಬಂತೆಂದರೆ ಫ್ರಾನ್ಸಿನ ಹಳ್ಳಿಗಳಲ್ಲಿ ಜನ ಬೆಳಿಗ್ಗೆಯೇ ಕುರ್ಚಿ, ಬುತ್ತಿ, ಕೊಡೆ ಹೊತ್ತು ರಸ್ತೆಬದಿಗೆ ಬಂದು ಕೂರುತ್ತಾರೆ. ಬೆಟ್ಟದ ತಿರುವುಗಳಲ್ಲಾದರೆ ದಿನಗಟ್ಟಲೆ ಮೊದಲೇ ಗುಡಾರ ಹೂಡಿರುತ್ತಾರೆ. ಎಷ್ಟೋ ಹೊತ್ತಿನ ಮೇಲೆ ಜಾಹೀರಾತಿನ ಗಾಡಿಗಳು, ಪೊಲೀಸರ ಬೈಕುಗಳು, ಕೊನೆಗೆ ನೂರೈವತ್ತಕ್ಕೂ ಮೀರಿದ ಸೈಕಲ್ಲುಗಳು. ಸಪಾಟು ರಸ್ತೆಯಾದರೆ ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ರೇಸಿನಲ್ಲಿ ಒಟ್ಟಾರೆ ಮುಂದಿರುವ ಹಳದಿ ಅಂಗಿಯವನು ಆ ಗುಂಪಿನಲ್ಲಿ ಎಲ್ಲಿದ್ದ ಎಂಬುದೂ ಎಷ್ಟೋ ಜನಕ್ಕೆ ಕಂಡಿರುವುದಿಲ್ಲ. ಆದರೂ ಮರುವರ್ಷ ಅದೇ ಕುರ್ಚಿ, ಅದೇ ಬುತ್ತಿ.

1903ರಲ್ಲಿ ಈ ಟೂರ್ ಡಿ ಫ್ರಾನ್ಸ್ ಶುರು ಮಾಡಿದ್ದು ಒಂದು ಪತ್ರಿಕೆ, ತನ್ನ ಪ್ರತಿಗಳು ಹೆಚ್ಚು ಖರ್ಚಾಗಲಿ ಎಂದು. ಲೆಕ್ಕಾಚಾರ ಚೆನ್ನಾಗಿತ್ತು. ರಸ್ತೆಬದಿಯವನು ಕಂಡದ್ದು ಒಂದು ಚೂರು ಮಾತ್ರ, ಉಳಿದದ್ದು ತಿಳಿಯಬೇಕೆಂದರೆ ಮರುದಿನ ಪೇಪರ್ ಕೊಳ್ಳಲೇಬೇಕು. ಇಡೀ ರೇಸನ್ನು ಕಣ್ಣಾರೆ ಕಂಡವರು ಅಂದು ಯಾರೂ ಇರಲಿಲ್ಲ. ಇಂದು ಪೂರ್ತಿ ಕಾಣುವುದು ಅಲ್ಲಿಗೆ ಹೋಗದವರಿಗೆ.

ಕಡೂರಿನ ಮನೆಯಲ್ಲಿ ಕೂತು ಫೋನಿನಲ್ಲಿ ನೋಡುವ ನಾನೂ ಅವರಲ್ಲೊಬ್ಬ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತರ ಆಸುಪಾಸಿಗೆ ಅಲ್ಲಿಯ ದಿನದ ಓಟ ಮುಗಿಯುತ್ತದೆ. 2025ರಲ್ಲಿ 21 ಹಂತ, 3,300 ಕಿ.ಮೀ.ಗೂ ಹೆಚ್ಚು ದಾರಿ. ಸ್ಲೊವೇನಿಯಾದ ತದೇಯ್ ಪೊಗಾಚರ್ ಗಂಟೆಗೆ ಸರಾಸರಿ 42 ಕಿ.ಮೀ.ಗೂ ಮೀರಿದ ವೇಗದಲ್ಲಿ ಅದನ್ನು ಮುಗಿಸಿ ನಾಲ್ಕನೆಯ ಸಲ ಗೆದ್ದ. ಅಂಕಿ ಹೀಗೆ ಹೇಳಿದರೆ ಮೈಗೆ ತಾಗುವುದಿಲ್ಲ. ಬೆಂಗಳೂರು ಬಿಟ್ಟು ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಕಡೂರು ಮುಟ್ಟುವ ದಾರಿ ಅಲ್ಲಿಯ ಒಂದು ದೊಡ್ಡ ಹಂತದಷ್ಟಿದೆ, ಇನ್ನೂರು ಕಿ.ಮೀ. ಚಿಲ್ಲರೆ. ನಮ್ಮ ಕೆಂಪು ಬಸ್ಸೂ ಈ ಸೈಕಲ್ಲುಗಳೂ ಒಟ್ಟಿಗೆ ಹೊರಟರೆ ಹೆಚ್ಚುಕಡಿಮೆ ಒಟ್ಟಿಗೇ ಬಂದು ಸೇರುತ್ತವೆ. ಬಸ್ಸಾದರೂ ನಡುವೆ ತಿಂಡಿಗೆ ನಿಲ್ಲುತ್ತದೆ!

ಆದರೆ ನನ್ನ ಬೆರಗಿಗೆ ವೇಗ ಅಷ್ಟಾಗಿ ಕಾರಣವಲ್ಲ, ಗಾಳಿ ಕಾರಣ. ಬೀರೂರಿನಿಂದ ಅಜ್ಜಂಪುರದ ಕಡೆಗೆ ರಸ್ತೆ ಹೆಚ್ಚುಕಡಿಮೆ ಬಡಗಣಕ್ಕೆ ಮುಖ ಮಾಡಿದೆ. ಆಷಾಢದಲ್ಲಿ ತರೀಕೆರೆ ಕಡೆಯ ಬೆಟ್ಟಸಾಲಿನಲ್ಲಿ ಮಳೆ ಇಳಿಸಿ ಬರುವ ಪಡುಗಾಳಿ ಈ ಬಯಲಲ್ಲಿ ಎಡ ಪಕ್ಕೆಗೇ ಬಡಿಯುತ್ತದೆ. ಆ ಕಾಲದಲ್ಲಿ ಅಲ್ಲಿ ಸೈಕಲ್ ತುಳಿದವರ ಹ್ಯಾಂಡಲ್ ತಾನಾಗಿಯೇ ಬಲಕ್ಕೆ ಎಳೆಯುತ್ತದೆ. ರೇಸಿನವರು ಇಂಥ ಕಡೆ ಓರೆಸಾಲು ಕಟ್ಟುತ್ತಾರೆ. ಮುಂದಿನವನ ಹಿಂದೆ, ತುಸು ಬಲಕ್ಕೆ ಸರಿದು ಎರಡನೆಯವನು. ಅವನ ಹಿಂದೆ ಇನ್ನಷ್ಟು ಬಲಕ್ಕೆ ಮೂರನೆಯವನು. ಮುಂದಿರುವವನು ಕೆಲವು ಕ್ಷಣ ಗಾಳಿಗೆ ಎದೆ ಕೊಟ್ಟು ಹಿಂದಕ್ಕೆ ಸರಿಯುತ್ತಾನೆ, ಮತ್ತೊಬ್ಬ ಆ ಜಾಗಕ್ಕೆ ಬರುತ್ತಾನೆ. ಒಬ್ಬನ ಮರೆಯಲ್ಲಿ ಹೋಗುವವನಿಗೆ ಸುಮಾರು ಮೂರರಲ್ಲೊಂದು ಪಾಲು ಶ್ರಮ ಉಳಿಯುತ್ತದೆ. ರಸ್ತೆಯ ಅಗಲಕ್ಕೆ ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಸಾಲು. ಹಿಡಿಸದವನು ಡಾಂಬರಿನ ಅಂಚಿನಲ್ಲಿ ಮರೆಯಿಲ್ಲದೆ ಒದ್ದಾಡುತ್ತಾನೆ, ಒಂದು ಮಾರು ಹಿಂದೆ ಬೀಳುತ್ತಾನೆ, ಆಮೇಲೆ ಆ ಮಾರು ಎಂದೂ ಮುಚ್ಚುವುದಿಲ್ಲ. ಬೆಟ್ಟದಲ್ಲಿ ಸೋಲದವರು ಎಷ್ಟೋ ಜನ ಇಂಥ ಬಯಲಿನಲ್ಲಿ ಸೋತಿದ್ದಾರೆ. ಇನ್ನರ್ಧ ಗಂಟೆಗೆ ಪರಸ್ಪರ ಸೋಲಿಸಲು ಹೊಂಚುವವರೇ ಈಗ ಒಬ್ಬರಿಗೊಬ್ಬರು ಗಾಳಿಮರೆಯಾಗುವ ಈ ಕರಾರನ್ನು ಬರೆದವರಿಲ್ಲ, ಮುರಿದವನನ್ನು ಮಾತ್ರ ಎಲ್ಲರೂ ನೆನಪಿಟ್ಟಿರುತ್ತಾರೆ.

ರಸ್ತೆಬದಿಯಲ್ಲಿ ನಿಂತು ಕಾಯುವುದು ನಮ್ಮ ಕಡೆಗೆ ಹೊಸದೇನಲ್ಲ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಸುತ್ತಲ ತಾಲ್ಲೂಕುಗಳಿಂದ ಪಾನಕದ ಗಾಡಿಗಳು ಹೊರಡುತ್ತವೆ. ಊರೂರ ಬಾಗಿಲಲ್ಲಿ ಜನ ಸೇರಿರುತ್ತಾರೆ. ಮೊದಲು ಗೆಜ್ಜೆಸರದ ಸದ್ದು, ಹಿಂದೆಯೇ ಧೂಳು, ಧೂಳಿನೊಳಗಿಂದ ಬಣ್ಣದ ಟೇಪು ಸುತ್ತಿದ ಕೊಂಬುಗಳು. ನೊಗದ ಮೇಲೆ ಬಗ್ಗಿ ಕೂಗುವ ಹುಡುಗ ಯಾರ ಮಗ ಎಂದು ಗುರುತಿಸುವಷ್ಟರಲ್ಲಿ ಗಾಡಿ ಮುಂದಿನ ತಿರುವಿನಲ್ಲಿರುತ್ತದೆ. ಯಾವ ಊರಿನ ಜೋಡಿ ಮುಂದಿದೆ? ನಿಂತವರಿಗೆ ಗೊತ್ತಿಲ್ಲ. ಅದು ಸಂಜೆ ಕಟ್ಟೆಯ ಮಾತಿನಲ್ಲಿ ಚೂರಿಗೆ ಚೂರು ಸೇರಿ ತಯಾರಾಗಬೇಕು, ಅದೂ ಜಗಳವಿಲ್ಲದೆ ಅಲ್ಲ. ಹಿರಿಯರು ಕಾಲಿನ ಬೀಸು ನೋಡಿಯೇ ಎತ್ತಿನ ತಳಿ ಹೇಳುತ್ತಾರೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇರುವ ಸೀಮೆ ಇದು. ಆ ಎತ್ತುಗಳ ಬಲದಿಂದಲೇ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಾಗಿ ಹೋಯಿತೆಂದು ಚರಿತ್ರೆಯಲ್ಲಿದೆ. ಬಾರುಕೋಲು ಬೀಸುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಸೈಕಲ್ಲಿನವನು ತನ್ನ ಮೈಯನ್ನು ತಾನೇ ಹಿಂಡಿಕೊಳ್ಳುತ್ತಾನೆ, ಎತ್ತನ್ನು ಕೇಳಿದವರು ಯಾರು?

ಬೆರಗುಪಡುವವನಿಗೆ ಟೋಪಿ ಹಾಕುವುದು ಸುಲಭ ಎಂಬುದೂ ನಿಜ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಸತತ ಏಳು ಸಲ ಗೆದ್ದ, 2012ರಲ್ಲಿ ಏಳೂ ಪಟ್ಟ ಹೋದವು, ಮದ್ದಿನ ಬಲ ಎಂದು. ಅವನಿಗಾಗಿ ಬೆಟ್ಟ ಹತ್ತಿ ಗಂಟಲು ಹರಿದುಕೊಂಡವರು ಆ ಏಳು ಬೇಸಿಗೆಗಳನ್ನು ಏನು ಮಾಡಬೇಕು? ಅವರಲ್ಲಿ ಬಹಳ ಜನ ಈಗಲೂ ಅಲ್ಲೇ ನಿಲ್ಲುತ್ತಾರೆ, ಆದರೆ ಚಪ್ಪಾಳೆ ಹೊಡೆಯುತ್ತಲೇ ಒಂದು ಅನುಮಾನವನ್ನೂ ಇಟ್ಟುಕೊಂಡಿರುತ್ತಾರೆ. ಕಣ್ಣುಮುಚ್ಚಿದ ಭಕ್ತಿಗಿಂತ ಈ ಅನುಮಾನದ ಪ್ರೀತಿ ನನಗೆ ಹೆಚ್ಚು ಸೋಜಿಗ. ಹಿಂದೆ ನಮ್ಮ ಊರುಗಳ ಸಂತೆ ಮೈದಾನದಲ್ಲಿ ಹಗಲೂ ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತುವವನು ಬರುತ್ತಿದ್ದ. ಸ್ನಾನ, ಊಟ, ಕ್ಷೌರ ಎಲ್ಲ ಸೀಟಿನ ಮೇಲೆಯೇ. ನಡುರಾತ್ರಿ ಇಳಿದು ಮಲಗುತ್ತಾನೆಂದು ಗುಸುಗುಸು ಮಾಡಿದವರೇ ಬೆಳಿಗ್ಗೆ ಅವನ ಅಂಗಿಗೆ ಪಿನ್ನು ಚುಚ್ಚಿ ನೋಟು ಸಿಕ್ಕಿಸುತ್ತಿದ್ದರು.

ದೊಡ್ಡ ರೇಸು ನಮ್ಮ ಕಡೆ ಬಂದೀತೇ? ಪುಣೆಯ ಸುತ್ತಲಿನ ರಸ್ತೆಗಳಿಗಂತೂ 2026ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಂತದ ರೇಸು ಬಂತು. ನಮ್ಮಲ್ಲೂ ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ಹಾದು 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವ ದಾರಿ ಇದೆ. ಬಂದರೆ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿಟ್ಟಿದ್ದೇನೆ. ತುದಿಯಲ್ಲಂತೂ ಅಲ್ಲ, ಅಲ್ಲಿ ಶಾಮಿಯಾನ, ಹಾರ, ಭಾಷಣ. ಕಲ್ಲತ್ತಿಗಿರಿ ದಾಟಿದ ಮೇಲಿನ ಒಂದು ತಿರುವಿನಲ್ಲಿ ನಿಲ್ಲುತ್ತೇನೆ. ಏರಿನಲ್ಲಿ ವೇಗ ತಗ್ಗಿ ಮುಖ ಕಾಣುತ್ತದೆ. ಗುಂಪು ಒಡೆದು ಒಬ್ಬೊಬ್ಬರೇ ಬರುವುದರಿಂದ ಅರ್ಧ ನಿಮಿಷದ ಬದಲು ಅರ್ಧ ಗಂಟೆ ದಕ್ಕುತ್ತದೆ. ಆ ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದನ್ನು ನಂಬುವ ಹಾಗಿಲ್ಲ. ಗೆದ್ದವರು ಯಾರೆಂದು ಲಿಂಗದಹಳ್ಳಿಗೆ ಇಳಿದು ಬಂದು ಕೇಳಿಕೊಂಡರಾಯಿತು.