ಹಣೆಬರಹದ ಹೊಸ ಹೆಸರು

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸು. ನನ್ನ ಪಕ್ಕ ಕೂತವರು ಕಣಕುಂಬಿ ಕಡೆಯವರು. ತೊಡೆಯ ಮೇಲೆ ರಿಪೋರ್ಟುಗಳ ಪ್ಲಾಸ್ಟಿಕ್ ಚೀಲ. ನಮ್ಮ ಕಡೆ ಹೆಂಗಸರ ತಲೆಯ ಮೇಲೆ ಸೆರಗು ಇದ್ದೇ ಇರುವುದರಿಂದ ಉದುರಿದ ಕೂದಲು ಯಾರ ಕಣ್ಣಿಗೂ ಬೀಳುವುದಿಲ್ಲ. ಎದೆಯಲ್ಲಿ ಗಂಟಾಗಿ ಕಿಮೊ ನಡೆದಿದೆ ಎಂದು ಅವರೇ ಹೇಳಿದರು. ಮುಂದಿನ ಸೀಟಿನ ಗೃಹಸ್ಥರು ತಕ್ಷಣ ತಿರುಗಿದರು: “ಇಮ್ಯುನಿಟಿ ಕಮ್ಮಿ ಆಗಿರಬೇಕ್ರಿ ಅಕ್ಕಾರ. ಅದಕ್ಕ ಹಿಂಗ ಆಗೂದು.” ಯಾವುದೋ ಕಷಾಯದ ಹೆಸರನ್ನೂ ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮರಾಠಿ ಬೆರೆತ ಕನ್ನಡದಲ್ಲಿ ಅಂದರು: “ನಾ ಒಂದ ದಿನ ಸೈತ ನೆಗಡಿ ಅಂತ ಮಲಗಿದಾಕಿ ಅಲ್ರಿ.”

ಆ ಮಾತಿನಲ್ಲಿ ಆರೋಪಿಯ ಧ್ವನಿಯಿತ್ತು. ಹಿಂದೆ ಇಂಥ ರೋಗಕ್ಕೆ ಪೂರ್ವಜನ್ಮದ ಪಾಪ ಕಾರಣವಾಗುತ್ತಿತ್ತು, ಇಲ್ಲವೇ ದೇವಿಯ ಮುನಿಸು. ಕೊರೊನಾ ಬಂದುಹೋದ ಮೇಲೆ ಇಮ್ಯುನಿಟಿ ಎಂಬ ಶಬ್ದ ಊರೂರಿಗೂ ತಲುಪಿದೆ. ಶಬ್ದ ಹೊಸದು, ಕೆಲಸ ಹಳೆಯದೇ: ರೋಗಕ್ಕೆ ರೋಗಿಯನ್ನೇ ಹೊಣೆ ಮಾಡುವುದು. ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಡಿಸೆಂಬರ್ 6ರಂದು ಸೇರಿ, ಅಲ್ಲೇ ಊಟ ಮಾಡಿ, ದೆವ್ವವಿಲ್ಲ ಎಂದು ತೋರಿಸುವ ಜನ ನಮ್ಮಲ್ಲಿದ್ದಾರೆ. ಬಾಟಲಿಯಲ್ಲಿ ತುಂಬಿ ಮಾರುವ ಈ ದೆವ್ವದ ಕಡೆಗೂ ಅವರು ಒಮ್ಮೆ ನೋಡಬೇಕು.

ಯಾಕೆಂದರೆ ಜೀವಕೋಶಗಳ ಕತೆ ಬೇರೆಯೇ ಇದೆ. ಬಯಾಪ್ಸಿಯ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಗಂಟುಗಳ ಒಳಗೆ ಕಡುನೀಲಿ ಚುಕ್ಕೆಗಳಂತೆ ಲಿಂಫೋಸೈಟು ಎಂಬ ರೋಗನಿರೋಧಕ ಕೋಶಗಳು ನುಗ್ಗಿರುತ್ತವೆ. ಅಂದರೆ ಮೈ ಸುಮ್ಮನೆ ಕೂತಿರಲಿಲ್ಲ. ‘ಟ್ರಿಪಲ್ ನೆಗೆಟಿವ್’ ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಈ ಚುಕ್ಕೆಗಳು ಹೆಚ್ಚಿದ್ದಷ್ಟೂ ಕಿಮೊಗೆ ಗಂಟು ಕರಗುವ ಸಾಧ್ಯತೆ ಹೆಚ್ಚು. ಹಾಗಾದರೆ ಸೋತದ್ದೆಲ್ಲಿ? ಈ ಲಿಂಫೋಸೈಟುಗಳಲ್ಲಿ ಹೋರಾಡುವ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಅವು ನಮ್ಮ ಮೈಯನ್ನೇ ತಿನ್ನದಿರಲಿ ಎಂದು ಇರುವಂಥದ್ದು. ಗಂಟು ಆ ಬ್ರೇಕನ್ನು ತಾನೇ ಒತ್ತುತ್ತದೆ. ಕಸ ತಿಂದು ಕಾವಲು ಕಾಯಬೇಕಾದ ಮ್ಯಾಕ್ರೊಫೇಜ್ ಕೋಶಗಳನ್ನು ತನ್ನ ಕಡೆ ಒಲಿಸಿಕೊಂಡು, ಅವುಗಳಿಂದಲೇ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಕಳ್ಳನ ಮನೆಗೆ ಪೊಲೀಸರೇ ನೀರು ಹೊತ್ತ ಹಾಗೆ.

ಇಂಥ ಬ್ರೇಕುಗಳನ್ನು ಬಿಡಿಸುವ ದಾರಿ ತೋರಿದ್ದಕ್ಕೆ 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ನೊಬೆಲ್ ಬಂತು. ಆರಂಭದ ಹಂತದ, ಆದರೆ ಮರುಕಳಿಸುವ ಅಪಾಯ ಹೆಚ್ಚಿರುವ ಟ್ರಿಪಲ್ ನೆಗೆಟಿವ್ ಕ್ಯಾನ್ಸರಿಗೆ ಕಿಮೊ ಜೊತೆ ಪಿಡಿ-1 ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮಾಬ್ ಕೊಡಲು ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಬ್ರೇಕ್ ಬಿಟ್ಟ ಕೋಶಗಳು ಕೆಲವರಲ್ಲಿ ಥೈರಾಯ್ಡ್, ಕರುಳು, ಶ್ವಾಸಕೋಶಗಳ ಮೇಲೂ ಬೀಳುತ್ತವೆ. ಇಮ್ಯುನಿಟಿ ‘ಹೆಚ್ಚಾಗುವುದು’ ಎಂದರೆ ಹೀಗೂ ಇರಬಹುದು! ಕಷಾಯದವರು ಇದನ್ನು ಹೇಳುವುದಿಲ್ಲ. ಅವರ ಬಾಟಲಿಗೆ ಆ ತಾಕತ್ತೂ ಇಲ್ಲ, ಪುಣ್ಯ.

ಇನ್ನೊಂದು ಔಷಧಿ ನಮಗೆ ಹೆಚ್ಚು ಹತ್ತಿರದ್ದು. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಹದಿನೈದು-ಇಪ್ಪತ್ತರಷ್ಟು ‘ಹರ್-2 ಪಾಸಿಟಿವ್’, ಅಂದರೆ ಕೋಶದ ಮೇಲೆ ಹರ್-2 ಎಂಬ ಪ್ರೋಟೀನು ಹೆಚ್ಚಿರುವಂಥವು. ಅವಕ್ಕೆ ಕೊಡುವ ಟ್ರಾಸ್ಟುಜುಮಾಬ್ ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು ಅದರ ಬೆಳವಣಿಗೆಯ ಸಂಕೇತ ತಡೆಯುತ್ತದೆ. ಜೊತೆಗೆ ತನ್ನ ಬಾಲವನ್ನು ಹೊರಗೆ ಚಾಚಿರುತ್ತದೆ. ರೋಗನಿರೋಧಕ ವ್ಯವಸ್ಥೆಯದೇ ಆದ, ರಕ್ತದಲ್ಲಿ ತಿರುಗುವ ಎನ್‌ಕೆ ಕೋಶ ಆ ಬಾಲ ಹಿಡಿದು ಕ್ಯಾನ್ಸರ್ ಕೋಶವನ್ನು ತೂತು ಮಾಡಿ ಕೊಲ್ಲುತ್ತದೆ. ಔಷಧಿ ಬೆರಳು ಮಾಡಿ ತೋರಿಸಿದರೆ, ಹೊಡೆಯುವ ಕೈ ಔಷಧಿ ಪಡೆದ ಹೆಂಗಸಿನದೇ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದೇ ಬಗೆಯ ಔಷಧಿಯನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿಯತೊಡಗಿತು.

ಒಂದು ಗೊಂದಲಕ್ಕೆ ಮಾತ್ರ ಮನೆಯವರನ್ನು ದೂರಲಾರೆ. “ಕೌಂಟ್ ಇಳಿದೈತಿ, ಮುಂದಿನ ವಾರ ಬರ್ರಿ” ಎಂದು ಆಸ್ಪತ್ರೆಯಲ್ಲೇ ಹೇಳುತ್ತಾರೆ. ಕಿಮೊ ಬೇಗ ಬೇಗ ಒಡೆಯುವ ಕೋಶಗಳನ್ನೆಲ್ಲ ಹೊಡೆಯುವುದರಿಂದ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಬಿಳಿ ಕಣಗಳೂ ತಗ್ಗುತ್ತವೆ. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದೊಳಗೆ ತಳ ಮುಟ್ಟಿ ಮತ್ತೆ ಏರುತ್ತವೆ. ಎಷ್ಟೋ ಕಿಮೊಗಳಿಗೆ 21 ದಿನದ ಸರದಿ ಇಟ್ಟಿರುವುದು ಅದಕ್ಕೇ. ಇದು ಚಿಕಿತ್ಸೆಯ ಪರಿಣಾಮ, ರೋಗದ ಕಾರಣವಲ್ಲ. ಆದರೆ ಬಿಡುವಿಲ್ಲದ ಓಪಿಡಿಯಲ್ಲಿ ಇದನ್ನು ಕೂತು ಬಿಡಿಸಿ ಹೇಳುವವರು ಯಾರು? ಆ ಖಾಲಿ ಜಾಗದಲ್ಲೇ ಕಷಾಯದ ಗೃಹಸ್ಥರು ಬಂದು ಕೂರುತ್ತಾರೆ.

ಕಡಿಮೆ ಬಿದ್ದದ್ದೇನು ಎಂದು ಹುಡುಕಬೇಕಾದ ಜಾಗ ಆಕೆಯ ಮೈಯಲ್ಲ. ಪೆಂಬ್ರೊಲಿಜುಮಾಬ್‌ಗೆ ಡೋಸಿನ ಲೆಕ್ಕವೇ ಲಕ್ಷಗಳಲ್ಲಿ. ಮುಂಬೈಯ ಟಾಟಾ ಆಸ್ಪತ್ರೆಯವರು ಅದರ ಸೋದರ ಔಷಧಿ ನಿವೊಲುಮಾಬ್ ಅನ್ನು ಬರೀ 20 ಮಿಲಿಗ್ರಾಂನಂತೆ, ರೂಢಿಯ ಡೋಸಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಕೊಟ್ಟು ನೋಡಿದರು. ಒಂದು ವರ್ಷ ದಾಟಿ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ಅದು ತಲೆ-ಕುತ್ತಿಗೆಯ ಕ್ಯಾನ್ಸರಿನ ಮಾತು, ಸ್ತನಕ್ಕೆ ಹಾಗೇ ಅನ್ವಯಿಸಲಾಗದು. ಬಡವರಿಗೆ ಎಷ್ಟು ಸಾಕು ಎಂಬ ಪ್ರಶ್ನೆಯನ್ನೂ ವಿಜ್ಞಾನ ಕೇಳಬಲ್ಲದು ಎಂಬುದಕ್ಕೆ ಇದನ್ನು ಹೇಳಿದೆ.

ದೂರವೂ ಸ್ವಲ್ಪ ತಗ್ಗಿದೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಆದರೆ ಭೀಮಗಡದ ಕಾಡಿನ ಹಳ್ಳಿಗಳಿಂದ ಮಳೆಗಾಲದಲ್ಲಿ ಡಾಂಬರು ರಸ್ತೆ ಮುಟ್ಟುವುದೇ ಒಂದು ಸಾಹಸ. ಅಲ್ಲಿಗೆ ತಲುಪಬೇಕಾದ್ದು ಮೊದಲು ಒಂದು ಜೊತೆ ಕೈ. ಮುಂಬೈಯಲ್ಲಿ ಒಂದೂವರೆ ಲಕ್ಷ ಹೆಂಗಸರ ನಡುವೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಕ್ಕೇ ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ನೂರಕ್ಕೆ 30ರಷ್ಟು ಇಳಿದಿತ್ತು. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ನಮ್ಮ ಸರ್ಕಾರದ ಕಾರ್ಯಕ್ರಮವೂ ಹೇಳುತ್ತದೆ.

ಗೃಹಸ್ಥರು ದಾರಿಯಲ್ಲೇ ಇಳಿದುಹೋದ ಮೇಲೆ ಆಕೆಯನ್ನು ಮೆಲ್ಲಗೆ ಕೇಳಿದೆ: ಗಂಟು ಕಾಣುವ ಮೊದಲು ಯಾರಾದರೂ ಬಂದು ಮುಟ್ಟಿ ನೋಡಿದ್ದರಾ?

“ಬಿ.ಪಿ. ನೋಡ್ಯಾರ್ರಿ,” ಅಂದರು.