ನಾವಿಕನ ನಿದ್ದೆ

2010ರ ಏಪ್ರಿಲ್ 3, ಸಂಜೆ ಐದರ ಹೊತ್ತು. ಆಸ್ಟ್ರೇಲಿಯಾದ ಗ್ಲ್ಯಾಡ್‌ಸ್ಟೋನ್ ಬಂದರಿನಲ್ಲಿ ಸುಮಾರು 68 ಸಾವಿರ ಟನ್ ಕಲ್ಲಿದ್ದಲು ಹೇರಿಕೊಂಡು ಚೀನಾದತ್ತ ಹೊರಟಿದ್ದ ‘ಶೆನ್ ನೆಂಗ್ 1’ ಎಂಬ ಹಡಗು ಗ್ರೇಟ್ ಬ್ಯಾರಿಯರ್ ರೀಫ್‌ನ ‘ಡಗ್ಲಸ್’ ಎಂಬ ಹವಳದ ದಿಬ್ಬವನ್ನು ಏರಿ ಕೂತಿತು. ಹಗಲು ಇನ್ನೂ ಕಳೆದಿರಲಿಲ್ಲ. ದಿಕ್ಕು ಬದಲಿಸಬೇಕಿದ್ದ ಜಾಗ ಬಂದಾಗ ಹಡಗು ತಿರುಗಲಿಲ್ಲ, ಅಷ್ಟೆ. ಆಗ ಡ್ಯೂಟಿಯಲ್ಲಿದ್ದ ಚೀಫ್ ಆಫೀಸರ್, ಬಂದರಿನಲ್ಲಿ ಕಲ್ಲಿದ್ದಲು ತುಂಬಿಸುವ ಕೆಲಸ ನೋಡಿಕೊಂಡು ಬಂದವರು. ಹಿಂದಿನ ಮೂವತ್ತೆಂಟೂವರೆ ಗಂಟೆಗಳಲ್ಲಿ ಅವರು ಮಲಗಿದ್ದು ಎರಡೂವರೆ ಗಂಟೆ ಮಾತ್ರ ಎಂದು ತನಿಖಾ ವರದಿ ಹೇಳಿತು.

ಸಮುದ್ರಕ್ಕೆ ಸೋರಿದ ಎಣ್ಣೆ ನಾಲ್ಕು ಟನ್ನಿನಷ್ಟು. ನಿಜವಾದ ಗಾಯ ಆದದ್ದು ತಳದಲ್ಲಿ. ಒಂಬತ್ತು ದಿನ ಅಲೆಗಳ ಹೊಡೆತಕ್ಕೆ ಹೊಯ್ದಾಡಿದ ಹಡಗು ಹವಳವನ್ನು ಅರೆದು ಪುಡಿಮಾಡಿತು. ಸಿಂಪಿ, ಪಾಚಿ ಅಂಟದಿರಲೆಂದು ಹೊಟ್ಟೆಗೆ ಬಳಿದಿದ್ದ ವಿಷದ ಬಣ್ಣವನ್ನು ಅಲ್ಲೇ ಮೆತ್ತಿತು. ಹಾನಿಯ ಜಾಡು ಮೂರು ಕಿಲೋಮೀಟರ್ ಉದ್ದ.

ಆಸ್ಟ್ರೇಲಿಯಾದ ಕಡಲ ಸುರಕ್ಷೆಯ ಹೊಣೆ ಹೊತ್ತಿರುವುದು ‘ಆಮ್ಸಾ’ ಎಂಬ ಪ್ರಾಧಿಕಾರ. ಹವಳದ ಸಾಲಿನ ಬಳಿ ಹಡಗುಗಳ ಓಡಾಟದ ಮೇಲೆ ದಡದಿಂದಲೇ ಕಣ್ಣಿಡುವ ವ್ಯವಸ್ಥೆ ಮೊದಲೇ ಇತ್ತು. ಆದರೆ ಅಪಘಾತ ನಡೆದ ದಕ್ಷಿಣದ ಭಾಗ ಅದರೊಳಗೆ ಬಂದದ್ದು 2011ರಲ್ಲಿ. ಅದು ಆಗಲೇಬೇಕಾದ ಕೆಲಸ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಬಂದರಿಗೆ ಬಂದ ವಿದೇಶಿ ಹಡಗನ್ನು ಹತ್ತಿ ಸರ್ವೇಯರ್ ಮಾಡುವ ತಪಾಸಣೆ. ಎಂಜಿನ್, ಲೈಫ್‌ಬೋಟು, ಎಣ್ಣೆಯ ಲೆಕ್ಕದ ಪುಸ್ತಕಗಳ ಜೊತೆಗೆ ಅವರು ಸಿಬ್ಬಂದಿಯ ವಿಶ್ರಾಂತಿಯ ದಾಖಲೆಯನ್ನೂ ಕೇಳುತ್ತಾರೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕಾಗದದ ಮೇಲೆ ಈ ಲೆಕ್ಕ ಸರಿಹೊಂದಿಸುವುದು ಕಷ್ಟವಲ್ಲ. ಸರಕು ಹೇರಿದ ಹೊತ್ತಿನ ದಾಖಲೆಯನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಸುಳ್ಳು ಹೊರಬೀಳುತ್ತದೆ.

ಇದೇ ಆಮ್ಸಾ, ಸಿಬ್ಬಂದಿಗೆ ಸಂಬಳ ಕೊಡದೆ ಸತಾಯಿಸಿದ ಹಡಗುಗಳನ್ನು ತಿಂಗಳುಗಟ್ಟಲೆ ತನ್ನ ಬಂದರುಗಳಿಗೆ ಬಾರದಂತೆ ತಡೆದಿದೆ. ಸಂಬಳಕ್ಕೂ ಕಡಲಿನ ಶುದ್ಧಿಗೂ ಏನು ನಂಟು ಎಂದು ಕೇಳುವವರಿದ್ದಾರೆ. ಕೂಲಿಯಲ್ಲಿ ಕಡಿತ ಮಾಡುವ ಮಾಲೀಕ ರಿಪೇರಿಯಲ್ಲಿ ಧಾರಾಳಿಯಾಗಿರುತ್ತಾನೆಯೇ? ಮತ್ತೆ ಡಗ್ಲಸ್ ದಿಬ್ಬದ ಪ್ರಕರಣಕ್ಕೆ ಬಂದರೆ, ಆ ಚೀಫ್ ಆಫೀಸರ್‌ಗೆ ಸಜೆಯಾಯಿತು. ಹಡಗಿನ ಮಾಲೀಕರು ಸುಮಾರು 3.9 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿದ್ದು 2016ರಲ್ಲಿ.

ನಾವಿಕರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವೂ 2015ರಲ್ಲಿ ಒಪ್ಪಿಕೊಂಡಿದೆ. ನಮ್ಮ ಕರಾವಳಿಯ ಮಕ್ಕಳೂ ಇಂಥ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ನವಮಂಗಳೂರು ಬಂದರಿನಲ್ಲಿ ಹಡಗು ಹತ್ತುವ ನಮ್ಮ ಸರ್ವೇಯರ್‌ಗಳು ಎಣ್ಣೆಯ ಪುಸ್ತಕ ತಿರುವಿದಷ್ಟೇ ನಿಧಾನವಾಗಿ ನಿದ್ದೆಯ ಪುಸ್ತಕವನ್ನೂ ತಿರುವಲಿ. ಅದಕ್ಕೆ ಬೇಕಾದ ಜನವನ್ನೂ ಹೊತ್ತನ್ನೂ ಸರ್ಕಾರ ಅವರಿಗೆ ಒದಗಿಸಲಿ.